ಶಕ್ತಿ ಇಳಿಯುತ್ತದೆ, ವಿಷ ಏರುತ್ತದೆ: ಒಂದೇ ಸರಪಳಿಯಲ್ಲಿ ಇದು ಹೇಗೆ?

ಪ್ರಶ್ನೆ: ನಾನು ಪದವಿಯ ಮೊದಲ ವರ್ಷದಲ್ಲಿ ಪರಿಸರ ವಿಜ್ಞಾನ ಓದುತ್ತಿದ್ದೇನೆ. ವ್ಯಾಖ್ಯೆಗಳೆಲ್ಲ ಬಾಯಿಗೆ ಬರುತ್ತವೆ, ಲೆಕ್ಕ ಕೊಟ್ಟರೆ ತಡವರಿಸುತ್ತೇನೆ. ಆಹಾರ ಸರಪಳಿಯಲ್ಲಿ ಮೇಲೆ ಹೋದಂತೆ ಶೇಕಡ 10ರಷ್ಟು ಶಕ್ತಿ ಮಾತ್ರ ಉಳಿಯುತ್ತದೆ ಎನ್ನುತ್ತಾರೆ. ಅದೇ ಸರಪಳಿಯಲ್ಲಿ ಡಿಡಿಟಿ ಎಂಬ ಕೀಟನಾಶಕ ಮಾತ್ರ ಹೆಚ್ಚುತ್ತಾ ಹೋಗುತ್ತದೆ. ಸಮುದ್ರದಲ್ಲಿ ಜೀವರಾಶಿಯ ಪಿರಮಿಡ್ (ಸರಪಳಿಯ ಪ್ರತಿ ಹಂತದ ಜೀವಿಗಳ ಒಟ್ಟು ತೂಕ ತೋರಿಸುವ ಚಿತ್ರ) ತಲೆಕೆಳಗಾಗಬಹುದಂತೆ, ಶಕ್ತಿಯದು ಎಂದಿಗೂ ಆಗದಂತೆ. ಪಾಚಿ ಆಮ್ಲಜನಕ ಕೊಡುತ್ತದೆ, ಆದರೂ ಪಾಚಿ ತುಂಬಿದ ಕೆರೆಯಲ್ಲಿ ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಎಲ್ಲವೂ ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿಮ್ಮ ಗೊಂದಲಗಳಿಗೆಲ್ಲ ಬೇರು ಒಂದೇ. ಪಠ್ಯದಲ್ಲಿ ಅಕ್ಕಪಕ್ಕ ಬರುವ ಆ ಚಿತ್ರಗಳು ಒಂದೇ ಸಂಗತಿಯನ್ನು ಅಳೆದವಲ್ಲ. ಒಂದರಲ್ಲಿರುವುದು ವರ್ಷದಲ್ಲಿ ಎಷ್ಟು ಹರಿದುಹೋಯಿತು ಎಂಬ ಲೆಕ್ಕ, ಇನ್ನೊಂದರಲ್ಲಿ ಈ ಹೊತ್ತಿಗೆ ಎಷ್ಟು ದಾಸ್ತಾನಿದೆ ಎಂಬ ಲೆಕ್ಕ, ಮತ್ತೊಂದರಲ್ಲಿ ಒಂದು ಕಿಲೋ ಮೈತೂಕದೊಳಗೆ ಎಷ್ಟಿದೆ ಎಂಬ ಲೆಕ್ಕ. ಮೂರಕ್ಕೂ ಒಂದೇ ಬಗೆಯ ತ್ರಿಕೋನ ಬಿಡಿಸಿ ಬಾಣ ಎಳೆದರೆ ಯಾರಿಗಾದರೂ ಗೊಂದಲವಾಗುತ್ತದೆ.

ಹಾಗಾಗಿ ಯಾವ ಅಂಕಿ ಕಂಡರೂ ಮೊದಲು ಅದರ ಮಾನ ನೋಡಿ. ‘ಚದರ ಮೀಟರಿಗೆ ಇಷ್ಟು ಗ್ರಾಂ’ ಎಂದಿದ್ದರೆ ಅದು ದಾಸ್ತಾನು. ‘ಚದರ ಮೀಟರಿಗೆ ವರ್ಷಕ್ಕೆ ಇಷ್ಟು ಕಿಲೋಕ್ಯಾಲರಿ’ ಎಂದಿದ್ದರೆ ಹರಿವು. ‘ಕಿಲೋಗೆ ಇಷ್ಟು ಮಿಲಿಗ್ರಾಂ’ ಎಂದಿದ್ದರೆ ಸಾಂದ್ರತೆ. ‘ವರ್ಷಕ್ಕೆ’ ಎಂಬ ಒಂದು ಪದ ಕೈಬಿಟ್ಟರೂ ಲೆಕ್ಕ ದಾರಿ ತಪ್ಪುತ್ತದೆ. ಮಾನ ತಿಳಿದ ಮೇಲೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಇದಕ್ಕೆ ಹೊರಹೋಗುವ ದಾರಿ ಯಾವುದು? ಶಕ್ತಿಗೆ ಶಾಖವಾಗಿ ಹೊರಹೋಗುವ ದಾರಿ ಸದಾ ತೆರೆದಿರುತ್ತದೆ. ರಂಜಕಕ್ಕೆ ಅಂಥ ದಾರಿಯಿಲ್ಲ. ಡಿಡಿಟಿಗೆ ದಾರಿಯಿದೆ, ಆದರೆ ಬಲು ಕಿರಿದು. ನಿಮ್ಮ ಪ್ರಶ್ನೆಗಳು ಬಿಡುವುದು ಇಲ್ಲಿಯೇ.

ಮೊದಲು ಶೇಕಡ 10ರ ವಿಚಾರ. ಪೋಷಣಾ ಸ್ತರಗಳ, ಅಂದರೆ ಆಹಾರ ಸರಪಳಿಯ ಹಂತಗಳ ನಡುವೆ ಶಕ್ತಿಯ ಹರಿವನ್ನು ಲೆಕ್ಕಕ್ಕೆ ತಂದವರು ಅಮೆರಿಕದ ರೇಮಂಡ್ ಲಿಂಡೆಮನ್. ಮಿನ್ನೆಸೋಟದ ಸೀಡರ್ ಬಾಗ್ ಎಂಬ ಪುಟ್ಟ ಸರೋವರದ ಅಧ್ಯಯನ ಅದು. ಪ್ರಬಂಧ ಅಚ್ಚಾದದ್ದು 1942ರಲ್ಲಿ, ಅವರು ತೀರಿಕೊಂಡ ಕೆಲವೇ ತಿಂಗಳಿಗೆ. ಆಗ ಅವರ ವಯಸ್ಸು 27 ಕೂಡ ದಾಟಿರಲಿಲ್ಲ. ಶೇಕಡ 10 ಎಂಬುದು ಗುರುತ್ವಾಕರ್ಷಣೆಯ ಸ್ಥಿರಾಂಕದಂಥದ್ದಲ್ಲ, ಒರಟು ಸರಾಸರಿ ಅಷ್ಟೆ. ಇದನ್ನು ಹೊವರ್ಡ್ ಓಡಮ್ ಅವರು ಫ್ಲಾರಿಡಾದ ಸಿಲ್ವರ್ ಸ್ಪ್ರಿಂಗ್ಸ್ ಚಿಲುಮೆಯಲ್ಲಿ ಮಾಡಿ 1957ರಲ್ಲಿ ಪ್ರಕಟಿಸಿದ ಲೆಕ್ಕದಿಂದಲೇ ನೋಡೋಣ. ಕೆಳಗಿನ ಅಂಕಿಗಳೆಲ್ಲ ಚದರ ಮೀಟರಿಗೆ ವರ್ಷಕ್ಕೆ ಇಷ್ಟು ಕಿಲೋಕ್ಯಾಲರಿ ಎಂಬ ಮಾನದಲ್ಲಿವೆ.

ಸಸ್ಯಗಳು ದ್ಯುತಿಸಂಶ್ಲೇಷಣೆಯಿಂದ ಕಟ್ಟಿಕೊಂಡದ್ದು 20,810. ಅದರಲ್ಲಿ 11,977 ಅವುಗಳದೇ ಉಸಿರಾಟಕ್ಕೆ ಹೋಗಿ ನಿವ್ವಳ ಉಳಿದದ್ದು 8,833. ಸಸ್ಯಾಹಾರಿಗಳು ತಿಂದು ಜೀರ್ಣಿಸಿ ಮೈಗೂಡಿಸಿಕೊಂಡದ್ದು 3,368, ಉಸಿರಾಟ ಕಳೆದು ಉಳಿದದ್ದು 1,478. ಮಾಂಸಾಹಾರಿಗಳಲ್ಲಿ ಈ ಜೋಡಿ 383 ಮತ್ತು 67. ತುದಿಯ ಮಾಂಸಾಹಾರಿಗಳಲ್ಲಿ 21 ಮತ್ತು 6.

ಈಗ ದಕ್ಷತೆ ತೆಗೆಯಿರಿ. ನಿವ್ವಳಕ್ಕೆ ನಿವ್ವಳ ಹೋಲಿಸಿದರೆ 1,478 ಭಾಗಿಸು 8,833, ಅಂದರೆ ಶೇಕಡ 16.7. ಮುಂದಿನ ಹೆಜ್ಜೆ ಶೇಕಡ 4.5, ಅದರ ಮುಂದಿನದು ಶೇಕಡ 9. ಮೈಗೂಡಿದ್ದಕ್ಕೆ ಮೈಗೂಡಿದ್ದನ್ನು ಹೋಲಿಸಿದರೆ ಶೇಕಡ 16.2, 11.4, 5.5 ಬರುತ್ತದೆ. ಚಿಲುಮೆ ಒಂದೇ, ದತ್ತಾಂಶ ಒಂದೇ, ಉತ್ತರ ಮಾತ್ರ ಎರಡು ಬಗೆ. ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದು ಬಹುತೇಕ ಇಲ್ಲಿ: ಒಂದು ಸ್ತರದ ನಿವ್ವಳವನ್ನು ಇನ್ನೊಂದರ ಒಟ್ಟಿನಿಂದ ಭಾಗಿಸಿಬಿಡುತ್ತಾರೆ. ಯಾವುದನ್ನು ಯಾವುದಕ್ಕೆ ಹೋಲಿಸುತ್ತಿದ್ದೀರಿ ಎಂದು ಲೆಕ್ಕದ ಮೊದಲ ಸಾಲಿನಲ್ಲೇ ಬರೆದುಕೊಳ್ಳಿ.

ಈ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಜಮಾ-ಖರ್ಚಿನ ತಾಳೆ. ಒಳಗೆ ತಯಾರಾದದ್ದು 20,810, ಹೊರಗಿನಿಂದ ಬಂದ ಸಾವಯವ ವಸ್ತು 486, ಒಟ್ಟು 21,296. ಎಲ್ಲ ಜೀವಿಗಳ ಉಸಿರಾಟ 18,796, ನೀರಿನೊಂದಿಗೆ ಕೆಳಕ್ಕೆ ಹರಿದುಹೋದದ್ದು 2,500. ಕೂಡಿ ನೋಡಿ, ಅದೂ 21,296. ಶಕ್ತಿಯ ಹರಿವು ಎಂದರೆ ಇದೇ. ಬಂದದ್ದೆಲ್ಲ ಎಲ್ಲೋ ಒಂದು ಕಡೆ ಖರ್ಚಿನಲ್ಲಿ ಕಾಣಿಸಿಕೊಳ್ಳಲೇಬೇಕು.

ಉಳಿದ ಶೇಕಡ 90 ‘ನಷ್ಟವಾಯಿತು’ ಎಂದು ಬರೆಯುವುದು ಅರ್ಧ ತಪ್ಪು. ಪ್ರತಿ ಹೆಜ್ಜೆಯಲ್ಲೂ ಮೂರು ಸೋರಿಕೆಗಳಿವೆ: ತಿನ್ನದೆ ಬಿಟ್ಟದ್ದು, ತಿಂದರೂ ಜೀರ್ಣವಾಗದೆ ಮಲವಾಗಿ ಹೋದದ್ದು, ಜೀರ್ಣವಾಗಿ ಉಸಿರಾಟದಲ್ಲಿ ಉರಿದದ್ದು. ಮೂರನೆಯದು ಮಾತ್ರ ಶಾಖವಾಗಿ ವ್ಯವಸ್ಥೆಯಿಂದ ಹೊರಬೀಳುತ್ತದೆ. ಮೊದಲಿನ ಎರಡು ವಿಘಟಕಗಳ, ಅಂದರೆ ಕೊಳೆಸುವ ಜೀವಿಗಳ ಪಾಲಾಗುತ್ತವೆ, ಅಲ್ಲಿಂದ ಇನ್ನೊಂದು ಸರಪಳಿ ಹೊರಡುತ್ತದೆ. ಒಂದು ಕಾಲ್ಪನಿಕ ಉದಾಹರಣೆ: ನಿವ್ವಳ ಸಸ್ಯ ಉತ್ಪಾದನೆ 10,000 ಇದೆ, ಅದರಲ್ಲಿ ಶೇಕಡ 20 ತಿನ್ನಲ್ಪಟ್ಟಿತು, ಅಂದರೆ 2,000. ಅದರಲ್ಲಿ ಶೇಕಡ 40 ಮೈಗೂಡಿತು, ಅಂದರೆ 800. ತಿಂದದ್ದು ಕೀಟವಾದರೆ ಮೈಗೂಡಿದ್ದರಲ್ಲಿ ಶೇಕಡ 30ರಷ್ಟು ಬೆಳವಣಿಗೆಯಾಗಬಹುದು, 240 ಸಿಗುತ್ತದೆ. ತಿಂದದ್ದು ಸಸ್ತನಿಯಾದರೆ ಶೇಕಡ 3 ಮಾತ್ರ, 24 ಸಿಗುತ್ತದೆ. ಮೈಯನ್ನು ಸದಾ ಬೆಚ್ಚಗಿಡಲು ಸಸ್ತನಿ ಉರಿಸುವುದೇ ಅಷ್ಟು. ಹೀಗೆ ಒಂದೇ ಹುಲ್ಲುಗಾವಲಿನಲ್ಲಿ ಒಂದು ಹೆಜ್ಜೆ ಶೇಕಡ 2.4, ಇನ್ನೊಂದು ಶೇಕಡ 0.24. ಇನ್ನೊಂದು ಮಾತು: ಬಿಸಿಲಿನಿಂದ ಸಸ್ಯಕ್ಕೆ ಬರುವ ಹೆಜ್ಜೆಗೆ ಶೇಕಡ 10 ಹಾಕಲೇಬೇಡಿ. ಅಲ್ಲಿ ಸಾಮಾನ್ಯವಾಗಿ ಸಿಗುವುದು ಶೇಕಡ 1ರ ಆಸುಪಾಸು.

ಇನ್ನು ತಲೆಕೆಳಗಾದ ಪಿರಮಿಡ್. ಇಂಗ್ಲಿಷ್ ಕಾಲುವೆಯಲ್ಲಿ ಅಳೆದ ಅಂಕಿಗಳು ಪಠ್ಯಗಳಲ್ಲಿ ಪ್ರಸಿದ್ಧ: ಸಸ್ಯಪ್ಲವಕಗಳು (ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗಳು) ಚದರ ಮೀಟರಿಗೆ 4 ಗ್ರಾಂ, ಪ್ರಾಣಿಪ್ಲವಕ (ತೇಲುವ ಪುಟ್ಟ ಪ್ರಾಣಿಗಳು) ಮತ್ತು ತಳದ ಪ್ರಾಣಿಗಳು 21 ಗ್ರಾಂ. ತಿನ್ನುವವರ ತೂಕ ಆಹಾರದ ತೂಕಕ್ಕಿಂತ ಐದು ಪಟ್ಟು! ಮಾನ ನೋಡಿ, ‘ವರ್ಷಕ್ಕೆ’ ಎಂಬುದಿಲ್ಲ. ಇದು ದಾಸ್ತಾನು. ದಾಸ್ತಾನು ಎಷ್ಟಿರುತ್ತದೆ ಎಂಬುದು ಎರಡರ ಮೇಲೆ ನಿಂತಿದೆ: ಎಷ್ಟು ವೇಗದಲ್ಲಿ ಹರಿದು ಬರುತ್ತದೆ, ಬಂದದ್ದು ಎಷ್ಟು ಕಾಲ ತಂಗುತ್ತದೆ. ಎರಡನ್ನೂ ಗುಣಿಸಿದರೆ ದಾಸ್ತಾನು.

ಲೆಕ್ಕಕ್ಕೆಂದು ಸಸ್ಯಪ್ಲವಕ ದಿನಕ್ಕೊಮ್ಮೆ ತನ್ನಷ್ಟೇ ಹೊಸ ರಾಶಿ ಕಟ್ಟುತ್ತದೆ, ಅಷ್ಟೂ ಅಂದೇ ತಿನ್ನಲ್ಪಡುತ್ತದೆ ಎಂದಿಟ್ಟುಕೊಳ್ಳಿ. ದಾಸ್ತಾನು ಸದಾ 4 ಗ್ರಾಮಿನಲ್ಲೇ ನಿಲ್ಲುತ್ತದೆ, ಆದರೆ ವರ್ಷದ ಉತ್ಪಾದನೆ 4 ಗುಣಿಸು 365, ಅಂದರೆ 1,460 ಗ್ರಾಂ. ಅದರ ಶೇಕಡ 10 ಮೇಲಿನ ಸ್ತರದ ಬೆಳವಣಿಗೆಯಾದರೆ ವರ್ಷಕ್ಕೆ 146 ಗ್ರಾಂ. ಅಲ್ಲಿನ ದಾಸ್ತಾನು 21 ಗ್ರಾಂ ಇರುವುದರಿಂದ ತಂಗುವ ಕಾಲ 21 ಭಾಗಿಸು 146 ವರ್ಷ, ಸುಮಾರು 52 ದಿನ. ಹರಿವಿನಲ್ಲಿ ಪಿರಮಿಡ್ ನೆಟ್ಟಗಿದೆ, 1,460ರ ಮೇಲೆ 146. ದಾಸ್ತಾನಿನಲ್ಲಿ ತಲೆಕೆಳಗು, 4ರ ಮೇಲೆ 21. ಎರಡೂ ಒಟ್ಟಿಗೆ ನಿಜ. ಕಾಡಿನಲ್ಲಿ ಹೀಗಾಗದಿರಲು ಕಾರಣ ಮರದ ಕಾಂಡ. ಅದು ದಶಕಗಟ್ಟಲೆ ತಂಗುವ ದಾಸ್ತಾನು, ಅದನ್ನು ತಿಂದು ಅರಗಿಸಿಕೊಳ್ಳಬಲ್ಲ ಪ್ರಾಣಿಗಳೂ ಕಡಿಮೆ.

ಶಕ್ತಿಯ ಪಿರಮಿಡ್ ತಲೆಕೆಳಗಾಗದು ಎಂಬ ಮಾತಿಗೆ ಒಂದು ಷರತ್ತು ಸೇರಿಸಿ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ. ಒಳಗೆ ಬರುವ ಎಲ್ಲವನ್ನೂ ತಳದ ಪಟ್ಟಿಯಲ್ಲಿ ಸೇರಿಸಿರಬೇಕು. ಮರಗಳ ನೆರಳಿನಲ್ಲಿ ಹರಿಯುವ ತೊರೆಯಲ್ಲಿ ಪಾಚಿ ಕಡಿಮೆ, ಅಲ್ಲಿನ ಹುಳುಹುಪ್ಪಟೆ ಬದುಕುವುದು ದಡದಿಂದ ಬೀಳುವ ಎಲೆಗಳ ಮೇಲೆ. ಎಲೆಗಳನ್ನು ಬಿಟ್ಟು ಪಾಚಿಯನ್ನಷ್ಟೇ ತಳದಲ್ಲಿ ಬರೆದರೆ ಶಕ್ತಿಯ ಪಿರಮಿಡ್ ಕೂಡ ತಲೆಕೆಳಗಾಗಿ ಕಾಣುತ್ತದೆ. ಅದು ನಿಸರ್ಗದ ವೈಚಿತ್ರ್ಯವಲ್ಲ, ಲೆಕ್ಕದಲ್ಲಿ ಬಿಟ್ಟುಹೋದ ಜಮೆ.

ಈಗ ಡಿಡಿಟಿ. ಪಠ್ಯಗಳಲ್ಲಿ ಬಳಕೆಯಲ್ಲಿರುವ ಸರಪಳಿ ಹೀಗಿದೆ: ನೀರಿನಲ್ಲಿ 0.003 ಪಿಪಿಬಿ, ಪ್ರಾಣಿಪ್ಲವಕದಲ್ಲಿ 0.04 ಪಿಪಿಎಂ, ಸಣ್ಣ ಮೀನಿನಲ್ಲಿ 0.5, ದೊಡ್ಡ ಮೀನಿನಲ್ಲಿ 2, ಮೀನು ತಿನ್ನುವ ಹಕ್ಕಿಯಲ್ಲಿ 25 ಪಿಪಿಎಂ. ಮೊದಲ ಅಂಕಿಯ ಮಾನ ಬೇರೆ ಎಂಬುದನ್ನು ಗಮನಿಸಿದಿರಾ? ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು, ಪಿಪಿಬಿ ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು. 0.003 ಪಿಪಿಬಿ ಎಂದರೆ 0.000003 ಪಿಪಿಎಂ. ನೀರಿನಿಂದ ಪ್ಲವಕಕ್ಕೆ ಒಂದೇ ನೆಗೆತದಲ್ಲಿ ಸುಮಾರು 13,000 ಪಟ್ಟು. ಆಮೇಲಿನ ಹೆಜ್ಜೆಗಳು 12.5, 4, 12.5 ಪಟ್ಟು ಮಾತ್ರ. ಮೊದಲನೆಯದು ಊಟದಿಂದ ಬಂದದ್ದಲ್ಲ. ಡಿಡಿಟಿಗೆ ನೀರು ಒಗ್ಗದು, ಕೊಬ್ಬು ಒಗ್ಗುತ್ತದೆ, ಹಾಗಾಗಿ ಅದು ನೀರಿನಿಂದ ನೇರವಾಗಿ ಜೀವಕೋಶದ ಕೊಬ್ಬಿಗೆ ಸೇರಿಕೊಂಡಿತು. ಇದು ಜೈವಿಕ ಸಾಂದ್ರೀಕರಣ. ಒಂದೇ ಜೀವಿಯಲ್ಲಿ, ಯಾವ ದಾರಿಯಿಂದಲಾದರೂ ಸರಿ, ವಯಸ್ಸಿನೊಂದಿಗೆ ವಿಷ ಸೇರುತ್ತಾ ಹೋಗುವುದು ಜೈವಿಕ ಸಂಚಯನ. ಆಹಾರದ ಮೂಲಕ ಸ್ತರದಿಂದ ಸ್ತರಕ್ಕೆ ಸಾಂದ್ರತೆ ಏರುವುದು ಜೈವಿಕ ಸಂವರ್ಧನೆ, ಅಂದರೆ ಬಯೋಮ್ಯಾಗ್ನಿಫಿಕೇಶನ್. ಮೂರನ್ನೂ ಒಂದೇ ಎಂಬಂತೆ ಬರೆಯುವುದು ತೀರಾ ಸಾಮಾನ್ಯವಾದ ತಪ್ಪು.

ಶಕ್ತಿ ಇಳಿಯುವುದಕ್ಕೂ ವಿಷ ಏರುವುದಕ್ಕೂ ಕಾರಣ ಒಂದೇ, ಅದು ಉಸಿರಾಟ. ಒಂದು ಮೀನು 10 ಕಿಲೋ ತೂಗುವ ಹೊತ್ತಿಗೆ 100 ಕಿಲೋ ಆಹಾರ ತಿಂದಿದೆ ಎಂದುಕೊಳ್ಳಿ. ಆ ಆಹಾರದಲ್ಲಿ ಕಿಲೋಗೆ 0.04 ಮಿಲಿಗ್ರಾಂ ಡಿಡಿಟಿ ಇದ್ದರೆ ಒಟ್ಟು 4 ಮಿಲಿಗ್ರಾಂ ಒಳಗೆ ಹೋಯಿತು. ಆಹಾರದ ಇಂಗಾಲ ಇಂಗಾಲದ ಡೈಆಕ್ಸೈಡ್ ಆಗಿ ಕಿವಿರುಗಳಿಂದ ಹೊರಟುಹೋಯಿತು, ಶಕ್ತಿ ಶಾಖವಾಯಿತು, ಒಂದಷ್ಟು ಮಲವಾಗಿ ಹೋಯಿತು. ಡಿಡಿಟಿ ಉರಿಯಲಿಲ್ಲ, ನೀರಿನಲ್ಲಿ ಕರಗದ ಕಾರಣ ಮೂತ್ರದಲ್ಲೂ ಸುಲಭವಾಗಿ ಹೋಗಲಿಲ್ಲ. ಅದರ ಶೇಕಡ 90 ಉಳಿದರೆ 3.6 ಮಿಲಿಗ್ರಾಂ 10 ಕಿಲೋ ಮೈಯಲ್ಲಿ ಹಂಚಿಕೊಳ್ಳುತ್ತದೆ, ಅಂದರೆ ಕಿಲೋಗೆ 0.36, ಆಹಾರದ ಒಂಬತ್ತು ಪಟ್ಟು. ದೇಹ ಸುಲಭವಾಗಿ ಒಡೆಯಬಲ್ಲ ಕೀಟನಾಶಕವಾಗಿದ್ದು ಶೇಕಡ 5 ಮಾತ್ರ ಉಳಿದಿದ್ದರೆ 0.2 ಮಿಲಿಗ್ರಾಂ, ಅಂದರೆ ಕಿಲೋಗೆ 0.02. ಆಹಾರದಲ್ಲಿದ್ದುದಕ್ಕಿಂತ ಕಡಿಮೆ! ಸಂವರ್ಧನೆ ಎಲ್ಲ ವಿಷಕ್ಕೂ ಆಗದಿರುವುದು ಹೀಗೆ. ಅದು ವಸ್ತುವಿನ ಗುಣಕ್ಕೆ ಸೇರಿದ್ದು: ಬೇಗ ಒಡೆಯದಿರಬೇಕು, ಹೊರಗೆ ಹೋಗದಿರಬೇಕು, ಮೈಯ ಅಂಗಾಂಶಕ್ಕೆ ಅಂಟಿಕೊಳ್ಳಬೇಕು.

‘ಕೊಬ್ಬಿನಲ್ಲಿ ಕರಗಬೇಕು’ ಎಂದು ನಾನು ಬರೆಯದಿರುವುದಕ್ಕೆ ಕಾರಣವಿದೆ. ಪಾದರಸದ ಸಾವಯವ ರೂಪವಾದ ಮೀಥೈಲ್ ಪಾದರಸ ಕೊಬ್ಬಿಗಿಂತ ಹೆಚ್ಚಾಗಿ ಪ್ರೋಟೀನಿಗೆ, ಅದರ ಗಂಧಕಕ್ಕೆ ಅಂಟಿಕೊಳ್ಳುತ್ತದೆ, ಆದ್ದರಿಂದ ಮೀನಿನ ಸ್ನಾಯುವಿನಲ್ಲೇ ತುಂಬಿರುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಅಧಿಕೃತವಾಗಿ ಗುರುತಿಸಲಾದ ಕಾಯಿಲೆ ಬಂದದ್ದು ಈ ದಾರಿಯಲ್ಲಿ, ಕೊಲ್ಲಿಯ ಮೀನು ಮತ್ತು ಚಿಪ್ಪುಜೀವಿಗಳನ್ನು ತಿಂದವರಿಗೆ. ಎಷ್ಟೋ ಕುಟುಂಬಗಳು ನರಮಂಡಲ ಕೆಟ್ಟು ನರಳಿದವು, ಗರ್ಭದಲ್ಲಿದ್ದ ಮಕ್ಕಳಿಗೂ ಅದು ತಟ್ಟಿತು. ಪರೀಕ್ಷೆಗಾಗಿ ಓದುವಾಗಲೂ ಇದು ಮನುಷ್ಯರ ಮೇಲೆ ಆದದ್ದು ಎಂಬುದನ್ನು ಮರೆಯಬಾರದು.

ಪಾಚಿ ಮತ್ತು ಮೀನಿನ ಪ್ರಶ್ನೆಗೆ ಹೆಚ್ಚು ಜಾಗ ಬೇಕು, ಏಕೆಂದರೆ ಇಲ್ಲಿ ಲೆಕ್ಕ ತಾಳೆಯಾಗುತ್ತದೆ, ಆದರೂ ಮೀನು ಸಾಯುತ್ತದೆ. ಪಾಚಿ ಬೆಳೆಯುವಾಗ ಬಿಟ್ಟ ಆಮ್ಲಜನಕ ಎಷ್ಟೋ, ಅದು ಸತ್ತು ಕೊಳೆಯುವಾಗ ಬೇಡುವ ಆಮ್ಲಜನಕವೂ ಹೆಚ್ಚುಕಡಿಮೆ ಅಷ್ಟೆ. ತೊಂದರೆ ಇರುವುದು ಜಾಗ ಮತ್ತು ಹೊತ್ತಿನಲ್ಲಿ. ಉತ್ಪತ್ತಿಯಾಗುವುದು ಹಗಲಿನಲ್ಲಿ, ಮೇಲ್ಪದರದಲ್ಲಿ. ನೀರು ಹಿಡಿಯಲಾಗದಷ್ಟು ಆದಾಗ ಅದು ಗಾಳಿಗೆ ಹೋಗುತ್ತದೆ. ಖರ್ಚಾಗುವುದು ರಾತ್ರಿಯಲ್ಲಿ, ಮತ್ತು ಬೆಳಕು ತಲುಪದ ತಳದಲ್ಲಿ. ಬೇಸಿಗೆಯಲ್ಲಿ ಮೇಲಿನ ಬಿಸಿನೀರು ಹಗುರ, ಕೆಳಗಿನ ತಣ್ಣೀರು ಭಾರ, ಎರಡೂ ಬೆರೆಯವು. ಸತ್ತ ಪಾಚಿ ಮಾತ್ರ ಆ ಗೆರೆ ದಾಟಿ ಕೆಳಗಿಳಿಯುತ್ತದೆ, ಆಮ್ಲಜನಕ ಇಳಿಯದು.

ಎಷ್ಟು ಖರ್ಚು? ಸಮುದ್ರದ ಪ್ಲವಕಗಳಲ್ಲಿ ಇಂಗಾಲ, ಸಾರಜನಕ, ರಂಜಕಗಳ ಪರಮಾಣುಗಳು ಸರಾಸರಿ 106:16:1ರ ಅನುಪಾತದಲ್ಲಿರುತ್ತವೆ. ಇದಕ್ಕೆ ರೆಡ್‌ಫೀಲ್ಡ್ ಅನುಪಾತ ಎಂದು ಹೆಸರು. ಈ ಸೂತ್ರದ ಪ್ರಕಾರ 1 ಮಿಲಿಗ್ರಾಂ ರಂಜಕದಿಂದ ಸುಮಾರು 114 ಮಿಲಿಗ್ರಾಂ ಒಣ ಪಾಚಿ ಕಟ್ಟಬಹುದು, ಅದು ಪೂರ್ತಿ ಕೊಳೆಯಲು ಒಂದು ರಂಜಕ ಪರಮಾಣುವಿಗೆ 138 ಆಮ್ಲಜನಕದ ಅಣುಗಳು, ಅಂದರೆ ಸುಮಾರು 142 ಮಿಲಿಗ್ರಾಂ ಆಮ್ಲಜನಕ ಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ 8.3 ಮಿಲಿಗ್ರಾಮಿನಷ್ಟು ಆಮ್ಲಜನಕ ಹಿಡಿಯುತ್ತದೆ. ಅಂದರೆ ಒಂದೇ ಒಂದು ಮಿಲಿಗ್ರಾಂ ರಂಜಕ 17 ಲೀಟರ್ ನೀರಿನ ಆಮ್ಲಜನಕವನ್ನು ಬರಿದು ಮಾಡಬಲ್ಲದು. ಕೊಳಚೆಯಿಂದ ಇಂಗಾಲ ತೆಗೆದರೆ ಸಾಲದು, ರಂಜಕವನ್ನೂ ತೆಗೆಯಬೇಕು ಎನ್ನುವುದು ಇದಕ್ಕಾಗಿ.

ಕೆರೆಗಳಲ್ಲಿ ರಂಜಕದ್ದೇ ಮುಖ್ಯ ಪಾತ್ರ ಎಂಬುದಕ್ಕೆ ಕಣ್ಣಿಗೆ ಕಟ್ಟುವ ಸಾಕ್ಷ್ಯ ಕೆನಡಾದ ಒಂಟಾರಿಯೊದಲ್ಲಿರುವ 226ನೇ ಸಂಖ್ಯೆಯ ಪ್ರಾಯೋಗಿಕ ಸರೋವರ. ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ ಅದನ್ನು ಪರದೆಯಿಂದ ಎರಡು ಭಾಗ ಮಾಡಿ, ಎರಡಕ್ಕೂ ಇಂಗಾಲ ಮತ್ತು ಸಾರಜನಕ ಹಾಕಿ, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ಆ ಭಾಗ ಹಸಿರುಗಟ್ಟಿತು, ಪಕ್ಕದ್ದು ತಿಳಿಯಾಗಿಯೇ ಉಳಿಯಿತು. ಮೇಲಿನಿಂದ ತೆಗೆದ ಆ ಚಿತ್ರ ಇಂದಿಗೂ ಪಾಠಗಳಲ್ಲಿದೆ. ಇನ್ನೊಂದು ವಿಷಯ: ತಳದಲ್ಲಿ ಆಮ್ಲಜನಕ ಮುಗಿದಾಗ, ಕೆಸರಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡಿದ್ದ ಹಳೆಯ ರಂಜಕ ಬಿಡಿಸಿಕೊಂಡು ಮತ್ತೆ ನೀರಿಗೆ ಬರುತ್ತದೆ. ಹೊರಗಿನ ಕೊಳಚೆ ನಿಲ್ಲಿಸಿದರೂ ಎಷ್ಟೋ ಕೆರೆಗಳು ವರ್ಷಗಟ್ಟಲೆ ಹಸಿರಾಗಿಯೇ ಇರುವುದು ಈ ಒಳಗಿನ ದಾಸ್ತಾನಿನಿಂದ.

ನೀವೇ ಕೆರೆಯಲ್ಲಿ ಅಳೆಯುವುದಾದರೆ ಹೊತ್ತು ಮತ್ತು ಆಳ ಬರೆದುಕೊಳ್ಳದ ಅಂಕಿ ಉಪಯೋಗಕ್ಕೆ ಬಾರದು. ಮಧ್ಯಾಹ್ನ ಮೇಲ್ಮೈಯಲ್ಲಿ ಅಳೆದರೆ ಪಾಚಿಗಟ್ಟಿದ ನೀರು ಅಚ್ಚುಕಟ್ಟಾದ ಕೆರೆಗಿಂತ ಹೆಚ್ಚು ಆಮ್ಲಜನಕ ತೋರಿಸೀತು. ಬೆಳಕು ಹರಿಯುವ ಮುನ್ನ, ಮೇಲ್ಮೈಯಲ್ಲೂ ತಳದ ಹತ್ತಿರವೂ ಅಳೆಯಿರಿ. ನಿಜಸ್ಥಿತಿ ಅಲ್ಲಿ ಸಿಗುತ್ತದೆ. ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಬಹಳಷ್ಟು ಮೀನುಗಳಿಗೆ ಕಷ್ಟ ಶುರು, 2ಕ್ಕಿಂತ ಕೆಳಗೆ ಹೆಚ್ಚಿನವು ತಾಳಲಾರವು.

ಕೊಳಚೆ ನೀರಿನ ಆಮ್ಲಜನಕದ ಬೇಡಿಕೆಯನ್ನು ಅಳೆಯುವ ಬಿಒಡಿ (ಜೈವಿಕ ರಾಸಾಯನಿಕ ಆಮ್ಲಜನಕ ಬೇಡಿಕೆ) ಪರೀಕ್ಷೆಯೂ ಹರಿವು-ದಾಸ್ತಾನಿನ ಪಾಠವೇ. ಅದು ನೀರಿನಲ್ಲಿರುವ ಆಮ್ಲಜನಕವಲ್ಲ, ಐದು ದಿನದಲ್ಲಿ ಖರ್ಚಾದ ಆಮ್ಲಜನಕ. 300 ಮಿಲಿಲೀಟರಿನ ಬಾಟಲಿಗೆ 6 ಮಿಲಿ ಮಾದರಿ ಹಾಕಿ, ಉಳಿದದ್ದನ್ನು ಗಾಳಿ ಹಾಯಿಸಿದ, ಪೋಷಕ ಲವಣ ಬೆರೆಸಿದ ನೀರಿನಿಂದ ತುಂಬಿ, ಗುಳ್ಳೆ ಉಳಿಯದಂತೆ ಮುಚ್ಚಿ, 20 ಡಿಗ್ರಿಯಲ್ಲಿ ಕತ್ತಲೆಯಲ್ಲಿಡುತ್ತಾರೆ. ಬಾಟಲಿಯ ಆಮ್ಲಜನಕ ಮೊದಲ ದಿನ ಲೀಟರಿಗೆ 8.6 ಮಿಲಿಗ್ರಾಂ, ಐದನೇ ದಿನ 4.4 ಬಂದರೆ ವ್ಯತ್ಯಾಸ 4.2. ಮಾದರಿಯ ಪಾಲು 6 ಭಾಗಿಸು 300, ಅಂದರೆ 0.02. 4.2 ಭಾಗಿಸು 0.02, ಬಿಒಡಿ ಲೀಟರಿಗೆ 210 ಮಿಲಿಗ್ರಾಂ. ಕತ್ತಲೆ ಏಕೆಂದರೆ ಬೆಳಕಿದ್ದರೆ ಒಳಗಿನ ಪಾಚಿ ಆಮ್ಲಜನಕ ತಯಾರಿಸಿ ಅಂಕಿ ತಗ್ಗಿಸುತ್ತದೆ. ವ್ಯತ್ಯಾಸ ಕನಿಷ್ಠ 2 ಇರಬೇಕು, ಕೊನೆಯಲ್ಲಿ ಕನಿಷ್ಠ 1 ಉಳಿದಿರಬೇಕು, ಇಲ್ಲವಾದರೆ ಪಾಲು ಬದಲಿಸಿ ಮತ್ತೆ ಮಾಡಬೇಕು. ಕ್ಲೋರಿನ್ ಹಾಕಿದ ನೀರಿನಲ್ಲಿ ಬ್ಯಾಕ್ಟೀರಿಯಾ ಸತ್ತು ಬಿಒಡಿ ಕಡಿಮೆ ಬರುತ್ತದೆ. ಅದನ್ನು ಶುದ್ಧ ನೀರು ಎಂದು ತಿಳಿದು ಮೋಸ ಹೋಗುವುದು ಸುಲಭ.

ಕೊನೆಗೆ ಒಂದು ಲೆಕ್ಕ, ನೀವೇ ಮಾಡಿ ನೋಡಿ. ‘ನೆಲದ ಸಸ್ಯ ಮತ್ತು ಮಣ್ಣು ವರ್ಷಕ್ಕೆ ಸುಮಾರು 120 ಶತಕೋಟಿ ಟನ್ ಇಂಗಾಲ ಗಾಳಿಗೆ ಬಿಡುತ್ತವೆ, ಪಳೆಯುಳಿಕೆ ಇಂಧನ ಬಿಡುವುದು 10 ಮಾತ್ರ, ಹಾಗಾದರೆ ಮನುಷ್ಯರ ಪಾಲು ಅತ್ಯಲ್ಪ’ ಎಂಬ ವಾದಕ್ಕೆ ಉತ್ತರಿಸಿ. ಸುಳಿವು: ಖರ್ಚಿನ ಪುಟವನ್ನೂ ತೆರೆಯಿರಿ. ಅದೇ ಸಸ್ಯಗಳು ದ್ಯುತಿಸಂಶ್ಲೇಷಣೆಯಿಂದ ಸುಮಾರು ಅಷ್ಟನ್ನೇ ಹಿಂದಕ್ಕೆ ಎಳೆದುಕೊಳ್ಳುತ್ತವೆ. ನೆಲದಡಿಯಿಂದ ಬಂದ 10ಕ್ಕೆ ಅಂಥ ಸಮನಾದ ಖರ್ಚಿಲ್ಲ. ಗಾಳಿಯಲ್ಲಿ 2.13 ಶತಕೋಟಿ ಟನ್ ಇಂಗಾಲ ಸೇರಿದರೆ ಇಂಗಾಲದ ಡೈಆಕ್ಸೈಡ್ 1 ಪಿಪಿಎಂ ಏರುತ್ತದೆ, ಆದ್ದರಿಂದ 10ಕ್ಕೆ ಸುಮಾರು 4.7 ಪಿಪಿಎಂ ಏರಬೇಕಿತ್ತು. ಏರುತ್ತಿರುವುದು ವರ್ಷಕ್ಕೆ 2.5ರ ಆಸುಪಾಸು, ಉಳಿದದ್ದನ್ನು ಸಮುದ್ರ ಮತ್ತು ನೆಲ ಹೀರಿಕೊಳ್ಳುತ್ತಿವೆ. ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಶುರುವಾದ 1958ರಲ್ಲಿ ಸುಮಾರು 315 ಪಿಪಿಎಂ ಇದ್ದದ್ದು 2024ರಲ್ಲಿ 424 ದಾಟಿದೆ. ಲೆಕ್ಕ ಮಾಡುವಾಗ ಎಚ್ಚರ: ಕೆಲವು ವರದಿಗಳು ಇಂಗಾಲದ ಟನ್ ಕೊಡುತ್ತವೆ, ಕೆಲವು ಇಂಗಾಲದ ಡೈಆಕ್ಸೈಡಿನ ಟನ್ ಕೊಡುತ್ತವೆ. ಎರಡನೆಯದನ್ನು ಮೊದಲನೆಯದಕ್ಕೆ ತರಲು 12ರಿಂದ ಗುಣಿಸಿ 44ರಿಂದ ಭಾಗಿಸಿ. 37 ಶತಕೋಟಿ ಟನ್ ಡೈಆಕ್ಸೈಡ್ ಎಂದರೆ ಅದೇ 10 ಶತಕೋಟಿ ಟನ್ ಇಂಗಾಲ.